ಮೆಮೊರಿ ಖಾಲಿ

ಬೆಳ್ತಂಗಡಿಯ ಆಸ್ಪತ್ರೆಯಿಂದ ಆ ದಿನ ಮಂಗಳೂರಿಗೆ ಹೋದದ್ದು ಅರ್ಧ ತಲೆ ಮಾತ್ರ. ಸಿ.ಟಿ. ಸ್ಕ್ಯಾನಿನ ಚಿತ್ರಗಳನ್ನು ಮಂಗಳೂರಿನಲ್ಲಿ ಕುಳಿತು ನೋಡಿ ವರದಿ ಕೊಡುವ ತಜ್ಞರು ಫೋನ್ ಮಾಡಿ, "ಕೆಳಗಿನ ಅರ್ಧ ಬಂತು, ಮೇಲಿನ ಅರ್ಧ ಎಲ್ಲಿ?" ಎಂದು ಕೇಳಿದರಂತೆ. ಬಲಗೈ ಎತ್ತಲಾಗದೆ, ಬಾಯಿ ಸೊಟ್ಟಗಾಗಿ ಬಂದಿದ್ದ ಆ ರೋಗಿಯ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ, ರಕ್ತನಾಳ ಒಡೆದಿದೆಯೋ ಎಂದು ಖಚಿತವಾಗದೆ ಇಂಜೆಕ್ಷನ್ ಕೊಡುವಂತಿರಲಿಲ್ಲ. ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ. ಉಳಿದ ಚಿತ್ರಗಳಿಗಾಗಿ ಕಾದು, ಸಿಗದೆ, ಕೊನೆಗೆ ಅವರನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೇ ಕಳಿಸಿದರು. ಅಲ್ಲಿಗೆ ಮುಟ್ಟುವಾಗ ಇಂಜೆಕ್ಷನ್ ಕೊಡುವ ಹೊತ್ತು ಮೀರಿತ್ತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ.

ಆ ಚಿತ್ರಗಳನ್ನು ಕಳಿಸುವ ಸರ್ವರನ್ನು ನೋಡಿಕೊಳ್ಳುವ ಕೆಲಸ ನಮ್ಮದು. ಮರುದಿನ ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಆಫೀಸಿನ ಬಾಗಿಲು ತೆಗೆಯುತ್ತಿದ್ದಾಗಲೇ ಆಸ್ಪತ್ರೆಯ ಡಾಕ್ಟರ ಫೋನ್ ಬಂತು. ಅವರು ಬೊಬ್ಬೆ ಹಾಕುವ ಜನ ಅಲ್ಲ. ಹಾಕಿದ್ದರೆ ನನಗೆ ಸುಲಭವಾಗುತ್ತಿತ್ತು.

"ಶೆಟ್ರೇ, ಇದು ಮೊದಲನೇ ಸಲ ಅಲ್ಲ" ಎಂದರು. "ಕಮಿಟಿಯವರು ಮಾತಾಡ್ತಾ ಇದ್ದಾರೆ. ಹೀಗೆಯೇ ಆದ್ರೆ ಪಾರ್ಶ್ವವಾಯುವಿನ ಕೇಸು ಇಲ್ಲಿ ತೆಗೊಳ್ಳುದೇ ಬೇಡ, ಸೀದಾ ಮಂಗಳೂರಿಗೆ ಕಳಿಸುವ ಅಂತ. ಘಾಟಿಯ ಬುಡದಿಂದ ನಮ್ಮಲ್ಲಿಗೆ ಬರುದೇ ಕಷ್ಟ. ಅಲ್ಲಿಂದ ಮಂಗಳೂರಿಗೆ ಮುಟ್ಟುವಾಗ ಎಂತ ಉಳೀತದೆ ಹೇಳಿ?"

ಆ ವ್ಯವಸ್ಥೆಯನ್ನು ಬೆಳ್ತಂಗಡಿಗೆ ತರಲು ಅವರು ಯಾರ್ಯಾರ ಬಾಗಿಲು ತಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು. ಅದು ನಿಂತರೆ ಮೇಲಿನ ಊರುಗಳಲ್ಲಿ ಕೈಕಾಲು ಬಿದ್ದುಹೋದವರಿಗೆ ಹತ್ತಿರದಲ್ಲಿ ದಾರಿ ಇರಲಿಲ್ಲ. ನೋಡುತ್ತೇವೆ ಡಾಕ್ಟ್ರೇ ಎಂದೆ. ಫೋನಿಟ್ಟವನೇ ಬಂಟ್ವಾಳಕ್ಕೆ ಫೋನ್ ಮಾಡಿದೆ.

ನಮ್ಮದು ಇಬ್ಬರ ಸಂಸ್ಥೆ. ತಿರುಗಾಟ, ವೈರು, ಸ್ಕ್ರೂ, ಗಿರಾಕಿಗಳ ಜೊತೆ ಮಾತುಕತೆ ನನ್ನದು. ಸರ್ವರುಗಳ ಒಳಗಿನ ಆರೋಗ್ಯ ನನ್ನ ಪಾಲುದಾರರದ್ದು. ಅವರು ಬಂಟ್ವಾಳದ ಬ್ಯಾರಿ ಮನೆತನದ ಮಹಿಳೆ, ಕೆಲಸ ಮಾಡುವುದು ಹೆಚ್ಚಾಗಿ ಮನೆಯಿಂದಲೇ. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಏನು ಬಂದರೂ ಅದನ್ನು ಒಂದು ತಂತ್ರಾಂಶ ಅವರ ಕಿವಿಗೆ ಓದಿ ಹೇಳುತ್ತದೆ, ಅದೂ ಎಂಥ ವೇಗದಲ್ಲಿ! ನನಗೆ ಅದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ. ಅವರಿಗೆ ಅದೇ ನಿಧಾನ. ಬೇಸರ ಬಂದರೆ ಇನ್ನೂ ಸ್ವಲ್ಪ ವೇಗ ಹೆಚ್ಚಿಸಿಕೊಳ್ಳುತ್ತಾರೆ.

ಬಣ್ಣಬಣ್ಣದ ಗ್ರಾಫುಗಳು, ಏರಿಳಿಯುವ ಪಟ್ಟಿಗಳು ಅವರಿಗೆ ಉಪಯೋಗವಿಲ್ಲ. ಹಾಗಾಗಿ ಅವರ ಕೆಲಸವೆಲ್ಲ ಕಮಾಂಡ್ ಲೈನಿನಲ್ಲಿ, ಅಂದರೆ ಆಜ್ಞೆಯನ್ನು ಟೈಪ್ ಮಾಡಿ ಉತ್ತರವನ್ನು ಅಕ್ಷರದಲ್ಲೇ ಪಡೆಯುವ ಆ ಕಪ್ಪು ಪರದೆಯಲ್ಲಿ. ಅದರಲ್ಲೂ ಅವರಿಗೆ ಆಗುವುದು ಆಗದ್ದು ಉಂಟು. ನಾವೆಲ್ಲ ಮೆಮೊರಿ ನೋಡಲು top ಎಂದು ಹೊಡೆದು ಕಣ್ಣು ನೆಟ್ಟು ಕೂರುತ್ತೇವೆ. ಅದು ಕ್ಷಣಕ್ಷಣಕ್ಕೂ ಇಡೀ ಪರದೆಯನ್ನು ಅಳಿಸಿ ಬರೆಯುತ್ತದೆ. ಓದುವ ಸ್ವರ ಮೊದಲ ಸಾಲು ಮುಗಿಸುವಷ್ಟರಲ್ಲಿ ಪುನಃ ಮೊದಲ ಸಾಲು. "ಮರೆವಿನ ಅಜ್ಜಿ ಕತೆ ಹೇಳಿದ ಹಾಗೆ" ಎಂದು ಅವರು ಅದನ್ನು ಮುಟ್ಟುವುದೇ ಇಲ್ಲ. ಅವರಿಗೆ ಇಷ್ಟವಾದದ್ದು vmstat. ಅದು ಹಳೆಯದನ್ನು ಅಳಿಸದೆ ಒಂದರ ಕೆಳಗೆ ಒಂದು ಸಾಲನ್ನು ಸೇರಿಸುತ್ತಾ ಹೋಗುತ್ತದೆ.

ಇನ್ನು ಆ ಸರ್ವರುಗಳನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶದ free ಎಂಬ ಆಜ್ಞೆ. ಮೆಮೊರಿ ಒಟ್ಟು ಎಷ್ಟು, ಬಳಕೆಯಲ್ಲಿ ಎಷ್ಟು ಎಂದು ಒಂದೇ ಸಾಲಿನಲ್ಲಿ ಹೇಳುವಂಥದ್ದು. ಕಣ್ಣಿಗೆ ಅದು ಚಂದದ ಕೋಷ್ಟಕ. ಕಿವಿಗೆ ತಲೆಬುಡವಿಲ್ಲದ ಅಂಕಿಗಳ ಸಾಲು. ಅವರು ಆ ಸಾಲನ್ನು ತುಂಡು ಮಾಡಿ ತಮಗೆ ಬೇಕಾದ್ದನ್ನಷ್ಟೇ ಓದಿಸಿಕೊಳ್ಳುತ್ತಾರೆ. ಹಾಗಾಗಿ ಶೀರ್ಷಿಕೆಗಳ ಬದಲು ಸ್ಥಾನಗಳನ್ನೇ ಹೆಸರಾಗಿ ಹೇಳುವುದು ಅವರ ರೂಢಿ. ನಾಲ್ಕನೆಯದ್ದು, ಆರನೆಯದ್ದು, ಏಳನೆಯದ್ದು.

ಅಂದು ಅವರು ಬೆಳ್ತಂಗಡಿಯ ಸರ್ವರಿನೊಳಗೆ ಹೋಗಿ ಕೇಳಿಸಿಕೊಂಡು, "ಏಳನೆಯದ್ದು ಲಾಯ್ಕ ಉಂಟಲ್ಲ ಶೆಟ್ರೇ, ಇದಕ್ಕೆ ಎಂತ ರೋಗ?" ಎಂದರು.

ಯಂತ್ರ ಮಾರಿದ ಕಂಪೆನಿಯ ಎಂಜಿನಿಯರ್ ಮಾತ್ರ ಬೇರೆಯೇ ಹೇಳಿದ. ಆತ ಬೆಂಗಳೂರಿನಿಂದಲೇ ನೋಡಿ, ಮೆಮೊರಿ ಸಾಲುತ್ತಿಲ್ಲ, ಮುಕ್ತವಾಗಿರುವುದು ಚೂರುಪಾರು ಮಾತ್ರ, ಅದಕ್ಕೇ ಚಿತ್ರ ಕಳಿಸುವ ಪ್ರೋಗ್ರಾಂ ಅರ್ಧಕ್ಕೆ ಸಾಯುತ್ತಿದೆ ಎಂದು ತೀರ್ಪು ಕೊಟ್ಟ. ಅವನು ನೋಡಿದ್ದು ಸಾಲಿನ ನಾಲ್ಕನೆಯದ್ದು. ನಾನೂ ನೋಡಿದೆ, ನಿಜವಾಗಿಯೂ ಚೂರುಪಾರೇ ಇತ್ತು.

"ನಾಲ್ಕನೆಯದ್ದನ್ನು ನೋಡಿ ಮಂಡೆಬಿಸಿ ಮಾಡ್ಬೇಡಿ" ಎಂದರು ನನ್ನ ಪಾಲುದಾರರು. "ಅದು ಯಾರೂ ಮುಟ್ಟದ ಜಾಗ. ಲಿನಕ್ಸ್ ಜಾಗವನ್ನು ಪೊಕ್ಕಡೆ, ಸುಮ್ಮನೆ ಬಿಡುದಿಲ್ಲ. ಒಮ್ಮೆ ಓದಿದ ಫೈಲು ಪುನಃ ಬೇಕಾದೀತು ಅಂತ ಅಲ್ಲಿ ಇಟ್ಟುಕೊಳ್ತದೆ. ಬೇರೆಯವರಿಗೆ ಬೇಕಾದ್ರೆ ಕೂಡ್ಲೇ ಬಿಟ್ಟುಕೊಡ್ತದೆ. ಬಸ್ಸಿನಲ್ಲಿ ಶಾಲೆ ಮಕ್ಕಳು ಕೂತ ಸೀಟಿಲ್ವಾ? ಕಂಡಕ್ಟರ್ ಹೇಳಿದ್ರೆ ಎದ್ದು ನಿಲ್ತಾರೆ. ಅವನ ಲೆಕ್ಕದಲ್ಲಿ ಅದು ಖಾಲಿಯೇ. ಆ ಲೆಕ್ಕ ಇರುದು ಏಳನೆಯದ್ದರಲ್ಲಿ."

ನನಗೆ ಅರ್ಥವಾಯಿತು. ಆದರೆ ಆಸ್ಪತ್ರೆಯ ಕಮಿಟಿಯ ಕಾರ್ಯದರ್ಶಿಗಳಿಗೆ ಎಂಜಿನಿಯರನ ಮಾತು ಹಿಡಿಸಿತ್ತು. ಕಾರಣವೂ ಸರಳ, ಮದ್ದೂ ಸರಳ. ಬೇಡ ಎಂದು ಹಟ ಹಿಡಿದು ನಾಳೆ ಇನ್ನೊಬ್ಬರ ಕೈ ಹೋದರೆ? ಹೊಸ ಮೆಮೊರಿ ಬಂತು. ನಾನೇ ಹೋಗಿ ಹಾಕಿದೆ, ಮೊದಲಿನದರ ಎರಡು ಪಟ್ಟಾಯಿತು. ವಾರವೊಂದು ನೆಮ್ಮದಿಯಿಂದ ಕಳೆಯಿತು. ಆಮೇಲೆ ಬೈಕಿನಿಂದ ಬಿದ್ದ ಒಬ್ಬರ ಸ್ಕ್ಯಾನು ಪುನಃ ಅರ್ಧಕ್ಕೆ ನಿಂತಿತು. ಪುಣ್ಯಕ್ಕೆ ಪೆಟ್ಟು ದೊಡ್ಡದಿರಲಿಲ್ಲ.

ಆ ದಿನ ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಒಂದೇ ಕರೆಯಲ್ಲಿ ಹಿಡಿದರು. ಅವರು ಪೇಟೆಯಲ್ಲಿ ಹೋಟೆಲು ನಡೆಸುವವರು, ಮಾತು ನೇರ. "ನೋಡ್ಲಿಕ್ಕೆ ಆಗದವರಿಗೆ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದೀರಿ ಶೆಟ್ರೇ, ಅದಕ್ಕೇ ಹೀಗೆ" ಎಂದುಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಬಂಟ್ವಾಳದ ಕಡೆಯಿಂದ ತಣ್ಣಗೆ ಉತ್ತರ ಬಂತು. "ನೋಡುವವರೆಲ್ಲ ನೋಡಿ ಆಯ್ತಲ್ಲ ಸರ್. ಇನ್ನು ನಾನು ಸ್ವಲ್ಪ ಕೇಳ್ತೇನೆ."

ಮುಂದಿನ ಕಮಿಟಿ ಮೀಟಿಂಗಿನವರೆಗೆ ನಮಗೆ ಅವಕಾಶ ಸಿಕ್ಕಿತು. ಅಷ್ಟರೊಳಗೆ ಕಾರಣ ಸಿಗದಿದ್ದರೆ ಪಾರ್ಶ್ವವಾಯುವಿನ ಕೇಸುಗಳು ಮಂಗಳೂರಿಗೆ.

ಅಲ್ಲಿಂದ ಮುಂದೆ ನನ್ನ ಪಾಲುದಾರರು ಮಾಡಿದ ಕೆಲಸವನ್ನು ನಾನು ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ. ಮೊದಲು ಸರ್ವರಿನ ಹಳೆಯ ದಾಖಲೆಗಳಲ್ಲಿ ಮೆಮೊರಿಯ ಮಾತು ಬಂದಲ್ಲೆಲ್ಲ ಹುಡುಕಿ ಕೇಳಿದರು. ಮೆಮೊರಿ ನಿಜಕ್ಕೂ ಮುಗಿದರೆ ಲಿನಕ್ಸ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಹಿಡಿದು ಕೊಲ್ಲುತ್ತದೆ, ಕೊಂದದ್ದನ್ನು ಬರೆದೂ ಇಡುತ್ತದೆ. ಅಂಥ ಒಂದು ಸಾಲೂ ಇರಲಿಲ್ಲ. ಮೆಮೊರಿ ಬಿಗಿಯಾದರೆ ಅದು ಸಾಮಾನುಗಳನ್ನು ಡಿಸ್ಕಿಗೆ ಸಾಗಿಸಲು ಶುರು ಮಾಡುತ್ತದೆ, vmstat ನಲ್ಲಿ ಅದಕ್ಕೆಂದೇ ಎರಡು ಅಂಕಣಗಳಿವೆ. ಎರಡೂ ಸೊನ್ನೆ. ಚಿತ್ರ ಕಳಿಸುವ ಪ್ರೋಗ್ರಾಂ ಒಳಗಿಂದೊಳಗೆ ಮೆಮೊರಿ ನುಂಗುತ್ತಾ ಉಬ್ಬುತ್ತಿದೆಯೇ ಎಂದು ಅದರ ತೂಕವನ್ನೂ ಪ್ರತಿ ನಿಮಿಷ ಬರೆಸಿದರು. ಅದು ಉಬ್ಬಲೂ ಇಲ್ಲ, ಇಳಿಯಲೂ ಇಲ್ಲ.

"ಮೆಮೊರಿ ಪಾಪ, ನಿರಪರಾಧಿ" ಎಂದರು. "ನಾವೆಲ್ಲ ಸೇರಿ ಅದರ ಮೇಲೆ ಅಪವಾದ ಹಾಕ್ತಾ ಇದ್ದೇವೆ."

ಹಾಗೆಂದು ಅವರು ಅದನ್ನು ಬಿಡಲಿಲ್ಲ. ಪ್ರತಿ ನಿಮಿಷದ ಅಂಕಿಗಳು ಒಂದು ಫೈಲಿಗೆ ಬೀಳುತ್ತಿದ್ದವು, ಅದನ್ನು ಅವರು ದಿನವೂ ಓದಿಸಿಕೊಂಡು ಕೇಳುತ್ತಿದ್ದರು. ಕೆಲಸ ಮಾಡುತ್ತಾ, ಚಾ ಕುಡಿಯುತ್ತಾ, ರೇಡಿಯೋ ಹಾಕಿಟ್ಟ ಹಾಗೆ. ನಾನು ಅದೇ ಫೈಲನ್ನು ಕಣ್ಣಿನಿಂದ ನೋಡಿದ್ದೆ. ಮೇಲಿನಿಂದ ಕೆಳಗೆ ಬೆರಳು ಎಳೆದರೆ ಎಲ್ಲ ಒಂದೇ ಥರ. ಕಣ್ಣು ಜಾರುತ್ತದೆ. ಕಿವಿ ಹಾಗೆ ಜಾರುವುದಿಲ್ಲವೋ ಏನೋ, ಒಂದು ಮಧ್ಯಾಹ್ನ ಅವರು ಫೋನ್ ಮಾಡಿದಾಗ ಸ್ವರವೇ ಬೇರೆಯಿತ್ತು.

"ಶೆಟ್ರೇ, ಆರನೆಯದ್ದು ಬಿದ್ದಿದೆ."

ಆರನೆಯದ್ದು ಎಂದರೆ ಲಿನಕ್ಸ್ ಫೈಲುಗಳನ್ನು ಇಟ್ಟುಕೊಂಡ ಜಾಗ, ಆ ಶಾಲೆ ಮಕ್ಕಳ ಸೀಟು. ಅದು ಹೊತ್ತು ಹೋದ ಹಾಗೆ ನಿಧಾನವಾಗಿ ತುಂಬುತ್ತಾ ಹೋಗಬೇಕು. ಇಲ್ಲಿ ತುಂಬಿದ್ದು ಒಮ್ಮೆಲೇ ಏನೂ ಇಲ್ಲದಷ್ಟಾಗಿ ಪುನಃ ಮೊದಲಿನಿಂದ ತುಂಬತೊಡಗಿತ್ತು. ಅದಕ್ಕೆ ಮೊದಲಿನ ಒಂದೆರಡು ನಿಮಿಷದ ಸಾಲುಗಳು ಇರಲೇ ಇಲ್ಲ. ಹಾಗಾಗುವುದು ಒಂದೇ ಸಂದರ್ಭದಲ್ಲಿ, ಕಂಪ್ಯೂಟರ್ ಆಫ್ ಆಗಿ ಪುನಃ ಶುರುವಾದಾಗ.

ಆಫ್ ಆಗಿದೆಯೇ ಎಂದು ನಾನು ಮೊದಲ ದಿನವೇ ಕೇಳಿದ್ದೆ. ಸಿ.ಟಿ. ವಿಭಾಗದ ಟೆಕ್ನೀಷಿಯನ್ "ಇಲ್ಲ ಶೆಟ್ರೇ, ಒಮ್ಮೆಯೂ ಆಫ್ ಆಗ್ಲಿಲ್ಲ" ಎಂದು ದೇವರ ಮೇಲೆ ಆಣೆ ಇಟ್ಟ ಹಾಗೆ ಹೇಳಿದ್ದರು. ಅವರು ಸುಳ್ಳು ಹೇಳುವ ಮನುಷ್ಯನೇ ಅಲ್ಲ. ಆದರೆ ಸರ್ವರಿನ ದಾಖಲೆಯಲ್ಲಿ ಮತ್ತೆ ಮತ್ತೆ ಶುರುವಾದ ಗುರುತುಗಳು ಸಾಲಾಗಿ ಇದ್ದವು. ಕರೆಂಟು ಹೋದದ್ದಿರಬಹುದು ಎಂದೆ. ನನ್ನ ಪಾಲುದಾರರು ಇನ್ನೊಂದು ದಾಖಲೆ ತೆಗೆದು ಓದಿಸಿದರು. ಪ್ರತಿ ಸಲವೂ ಆಫ್ ಆಗುವ ಮುಂಚೆ ಒಂದೇ ಸಾಲು: ಪವರ್ ಬಟನ್ ಒತ್ತಲಾಗಿದೆ.

"ಕರೆಂಟಿಗೆ ಬೆರಳಿಲ್ಲ ಶೆಟ್ರೇ" ಎಂದರು. "ಇದು ಯಾರೋ ಒತ್ತಿದ್ದು. ಅದೂ ನಮ್ಮ ಮೆಸೇಜ್ ಹೋದ ಸ್ವಲ್ಪ ಹೊತ್ತಿಗೆ."

ಸರ್ವರಿನ ಆರೋಗ್ಯದ ಬಗ್ಗೆ ಟೆಕ್ನೀಷಿಯನರ ಮೊಬೈಲಿಗೆ ದಿನಕ್ಕೆರಡು ಸಲ ತಾನಾಗಿಯೇ ಹೋಗುವ ಒಂದು ಸಣ್ಣ ಮೆಸೇಜು ಅದು. ಮೊದಲು ಇಂಗ್ಲಿಷಿನಲ್ಲಿತ್ತು. ನಮ್ಮವರಿಗೆ ಓದಲು ಸುಲಭವಾಗುವ ಹಾಗೆ ಕನ್ನಡದಲ್ಲಿ ಹಾಕಿ ಎಂದು ಡಾಕ್ಟರು ಕೇಳಿಕೊಂಡ ಮೇಲೆ ನನ್ನ ಪಾಲುದಾರರೇ ಅದನ್ನು ಕನ್ನಡಕ್ಕೆ ಬದಲಿಸಿದ್ದರು. ಎಲ್ಲ ಸರಿಯಿದೆ ಎಂದು ಹೇಳುವ ಮೆಸೇಜು ಬಂದ ಮೇಲೆ ಯಾರಾದರೂ ಬಟನ್ ಯಾಕೆ ಒತ್ತಬೇಕು?

ನನಗೆ ತಲೆಕೆಡಿಸಿಕೊಳ್ಳುವ ಮನಸ್ಸಿರಲಿಲ್ಲ. ಆ ಬಟನ್ ಕೆಲಸ ಮಾಡದ ಹಾಗೆ ಮಾಡಲು ಒಂದು ಸಾಲು ಬದಲಿಸಿದರೆ ಸಾಕು, ಬಂಟ್ವಾಳದಲ್ಲಿ ಕೂತೇ ಆಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಹೇಳಬೇಕಾಗಿಲ್ಲ. ಹಾಗೆಂದೆ.

ಅವರು ಒಪ್ಪಲಿಲ್ಲ. "ಒತ್ತಿದವರಿಗೆ ಒಂದು ಕಾರಣ ಇರ್ತದೆ. ಅದು ಎಂತ ಅಂತ ತಿಳಿಯದೆ ಬಟನ್ ಕಟ್ಟಿ ಹಾಕಿದ್ರೆ ನಾಳೆ ಪ್ಲಗ್ ಎಳೀತಾರೆ. ಮಷಿನನ್ನು ಕೇಳಿದ್ದು ಸಾಕು, ಜನರನ್ನು ಕೇಳುವ. ನಾಳೆ ಬೆಳ್ತಂಗಡಿಗೆ ಹೋಗುವ."

ಮರುದಿನ ನಾನು ವೇಣೂರು, ಗುರುವಾಯನಕೆರೆಯ ದಾರಿಯಾಗಿ ಬೈಕಿನಲ್ಲಿ ಹೋದೆ. ಅವರು ಬಿ.ಸಿ. ರೋಡಿನಿಂದ ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. ಕೈ ಹಿಡಿದುಕೊಳ್ಳಬೇಕೇ ಎಂದು ಕೇಳಿದರೆ ಬಿಳಿ ಕೋಲನ್ನು ಬಿಡಿಸುತ್ತಾ, "ನೀವು ಮುಂದೆ ನಡೀರಿ ಸಾಕು. ನಿಮ್ಮ ಮಾತು ನಿಲ್ಲುದಿಲ್ಲವಲ್ಲ, ನನಗೆ ದಾರಿ ತಪ್ಪುದಿಲ್ಲ" ಎಂದರು. ಆಸ್ಪತ್ರೆಯವರೆಗೂ ನಾನು ಏನೇನೋ ಮಾತಾಡುತ್ತಾ ನಡೆದೆ.

ಟೆಕ್ನೀಷಿಯನ್ ವೇಣೂರಿನವರು, ನನಗಿಂತ ಹಿರಿಯರು. ಸಿ.ಟಿ. ಕೋಣೆಯನ್ನು ದೇವರ ಕೋಣೆಯ ಹಾಗೆ ಇಟ್ಟುಕೊಂಡವರು. ನಮ್ಮನ್ನು ಕೂರಿಸಿ ಚಾ ತರಿಸಿದರು. ನಾನು ಬಟನ್ನಿನ ವಿಷಯ ಎತ್ತಲು ಬಾಯಿ ತೆರೆದರೆ ನನ್ನ ಪಾಲುದಾರರು ಮೊಣಕೈಯಿಂದ ತಿವಿದರು. ಆಮೇಲೆ ಅವರಿಬ್ಬರ ಮಾತು ಊರು, ಮನೆ ಎಂದು ಎಲ್ಲೆಲ್ಲೋ ಹೋಯಿತು. ವೇಣೂರಿನಲ್ಲಿ ಅವರ ಮನೆಯವರದ್ದು ಜೀನಸು ಅಂಗಡಿ, ರಜೆಯ ದಿನ ಇವರೂ ಅಲ್ಲಿ ಕೂರುವುದುಂಟು ಎಂದು ತಿಳಿಯಿತು. ಹಾಗೇ ಮಾತಿನ ನಡುವೆ ನನ್ನ ಪಾಲುದಾರರು ಕೇಳಿದರು.

"ಅಣ್ಣಾ, ಈ ನಮ್ಮ ಸರ್ವರ್ ಆಫ್ ಆಗುದುಂಟಾ?"

"ಇಲ್ಲ ಮೇಡಂ. ಒಮ್ಮೆಯೂ ಆಗ್ಲಿಲ್ಲ."

"ಸರಿ. ನೀವು ಆಫ್ ಮಾಡುದುಂಟಾ?"

"ಅದು ಮಾಡ್ತೇನೆ" ಎಂದರು ಅವರು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ ಎಂಬಂತೆ. ತಾನಾಗಿ ಆಫ್ ಆಗುವುದು ಬೇರೆ, ತಾನು ಆಫ್ ಮಾಡುವುದು ಬೇರೆ. ನಾನು ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

"ಯಾವಾಗ ಮಾಡ್ತೀರಿ?"

"ನಿಮ್ಮ ಮೆಸೇಜ್ ಬಂದ ಮೇಲೆ, ಪುರುಸೊತ್ತು ಸಿಕ್ಕಿದ ದಿನ ಮೇಡಂ. ಮೇಜಿನ ಮೇಲೆ ಪೇಶೆಂಟ್ ಇದ್ರೆ ಮಾಡುದಿಲ್ಲ. ಸ್ಕ್ಯಾನ್ ಮುಗಿದು, ಅವರನ್ನು ಇಳಿಸಿ, ಮತ್ತೆಯೇ ಮಾಡುದು."

ಅಲ್ಲಿಗೆ ಒಂದು ಗಂಟು ಬಿಚ್ಚಿತು. ಸ್ಕ್ಯಾನ್ ಮುಗಿದು ರೋಗಿ ಇಳಿದ ಮೇಲೂ ಚಿತ್ರಗಳು ಇಲ್ಲಿನ ನೆಟ್ಟಿನಲ್ಲಿ ತೆವಳುತ್ತಾ ಮಂಗಳೂರಿಗೆ ಹೋಗುತ್ತಿರುತ್ತವೆ. ಆಗ ಬಟನ್ ಒತ್ತಿದರೆ ಅರ್ಧ ಹೋಗುತ್ತದೆ, ಅರ್ಧ ನಿಲ್ಲುತ್ತದೆ. ಪುನಃ ಶುರುವಾದ ಪ್ರೋಗ್ರಾಂ ಅದನ್ನು ಕಳಿಸಿಯಾಗಿದೆ ಎಂದೇ ತಿಳಿಯುತ್ತದೆ. ಆದರೆ ಯಾಕೆ ಒತ್ತಬೇಕು ಎಂಬುದು ಹಾಗೆಯೇ ಉಳಿದಿತ್ತು.

"ಮೆಸೇಜಿನಲ್ಲಿ ಎಂತ ಉಂಟು ಅಣ್ಣಾ? ಒಮ್ಮೆ ಓದಿ ನೋಡುವ."

ಅವರು ಮೊಬೈಲು ತೆಗೆದು, ಕನ್ನಡಕ ಸರಿಮಾಡಿ ಓದಿದರು. "ಡಿಸ್ಕ್ ಸರಿ. ನೆಟ್ ಸರಿ." ಆಮೇಲೆ ಒಂದು ಉಸಿರು ಬಿಟ್ಟು, ಸ್ವರ ಇಳಿಸಿ, "ಮೆಮೊರಿ ಖಾಲಿ."

ನನಗೆ ಏನೂ ಹೊಳೆಯಲಿಲ್ಲ. ನನ್ನ ಪಾಲುದಾರರ ಕೈಯಲ್ಲಿದ್ದ ಚಾದ ಲೋಟ ಮಾತ್ರ ಅಲ್ಲೇ ನಿಂತುಬಿಟ್ಟಿತು.

"ಪುನಃ ಓದಿ" ಎಂದರು.

ಅವರು ಓದಿದರು. ಅದೇ ಇಳಿದ ಸ್ವರ. "ಮೆಮೊರಿ ಖಾಲಿ. ದಿನವೂ ಇದೇ ಮೇಡಂ. ಶೆಟ್ರು ಹೊಸತು ತಂದು ಹಾಕಿದ್ರಲ್ಲ, ಮರುದಿನ ನೋಡಿದ್ರೆ ಅದೂ ಖಾಲಿ. ಎಷ್ಟು ಹಾಕಿದ್ರೂ ಖಾಲಿ. ಖಾಲಿ ಆದ್ರೆ ರೀಸ್ಟಾರ್ಟ್ ಮಾಡಿದ್ರೆ ಸರಿಯಾಗ್ತದೆ ಅಂತ ಗೊತ್ತುಂಟಲ್ಲ, ಮೊಬೈಲಿಗೆ ಹಾಗೆಯೇ ಅಲ್ವಾ ಮಾಡುದು? ಪೊಕ್ಕಡೆ ನಿಮಗೆ ಉಪದ್ರ ಯಾಕೆ ಅಂತ ನಾನೇ ಮಾಡ್ತಿದ್ದೆ."

ಬಸ್ಸಿನಲ್ಲಿ ಓಡಾಡುವ ನನ್ನ ಪಾಲುದಾರರಿಗೆ ಖಾಲಿ ಎಂದರೆ ಜಾಗ ಉಂಟು, ಬನ್ನಿ, ಕೂತುಕೊಳ್ಳಿ. ಅಂಗಡಿಯಲ್ಲಿ ಕೂರುವ ಇವರಿಗೆ ಖಾಲಿ ಎಂದರೆ ಸಾಮಾನು ಮುಗಿಯಿತು, ಇಲ್ಲ, ನಾಳೆ ಬನ್ನಿ. ಸೀಟು ಖಾಲಿ ಎಂದರೂ ನಾವೇ, ಸಕ್ಕರೆ ಖಾಲಿ ಎಂದರೂ ನಾವೇ. ಹುಟ್ಟಿದಾಗಿನಿಂದ ಈ ಶಬ್ದವನ್ನು ಎರಡು ಅರ್ಥದಲ್ಲಿ ಬಳಸುತ್ತಾ ಬಂದಿದ್ದರೂ ನನಗೆ ಒಮ್ಮೆಯೂ ಅದು ತಟ್ಟಿರಲಿಲ್ಲ. ಬರೆದ ಶಬ್ದದಲ್ಲಿ ಅದು ಕಾಣುವುದೂ ಇಲ್ಲ. ಆ ಇಳಿದ ಸ್ವರ ಕೇಳಿದ್ದಕ್ಕೆ ನನ್ನ ಪಾಲುದಾರರಿಗೆ ಸಿಕ್ಕಿತು. ಸರ್ವರ್ ಆರೋಗ್ಯವಾಗಿದ್ದಷ್ಟೂ ಮೆಸೇಜು ಖಾಲಿ ಖಾಲಿ ಎನ್ನುತ್ತಿತ್ತು, ಅದನ್ನು ಓದಿ ಪುರುಸೊತ್ತು ಸಿಕ್ಕಿದಾಗಲೆಲ್ಲ ಈ ಪುಣ್ಯಾತ್ಮರು ಅದನ್ನು ಆಫ್ ಮಾಡುತ್ತಿದ್ದರು.

ನನಗೆ ನಗು ಒತ್ತರಿಸಿ ಬಂತು. ನಕ್ಕೂ ಬಿಟ್ಟೆ. ಆಮೇಲೆ ಟೆಕ್ನೀಷಿಯನರ ಮುಖ ನೋಡಿದೆ. ನನ್ನ ಪಾಲುದಾರರು ವಿಷಯ ಬಿಡಿಸಿ ಹೇಳಿದ ಹಾಗೆ ಅದು ಬಣ್ಣಗೆಡುತ್ತಾ ಬರುತ್ತಿತ್ತು.

"ಹಾಗಾದ್ರೆ ಆ ಬಲಗೈ ಹೋದವರು…" ಎಂದರು.

"ಅದು ನಿಮ್ಮ ಮೇಲೆ ಇಲ್ಲ ಅಣ್ಣಾ" ಎಂದರು ನನ್ನ ಪಾಲುದಾರರು. "ನೀವು ಓದಿದ್ದು ಸರಿಯೇ. ಬರೆದದ್ದು ನಾನು."

ಹೊರಗೆ ವರಾಂಡಕ್ಕೆ ಬಂದ ಮೇಲೆ ನಾನು ಅವರಿಗೆ ತಗ್ಗಿದ ಸ್ವರದಲ್ಲಿ ಹೇಳಿದೆ. ತಾಂತ್ರಿಕ ದೋಷ ಇತ್ತು, ಸರಿಪಡಿಸಿದ್ದೇವೆ ಎಂದರೆ ಸಾಕು, ಅದು ಸುಳ್ಳೇನೂ ಅಲ್ಲ. ಕಾರ್ಯದರ್ಶಿಗಳಿಗೆ ಮೊದಲೇ ನಿಮ್ಮ ಮೇಲೆ ಅಷ್ಟಕ್ಕಷ್ಟೆ. ಇದು ಗೊತ್ತಾದರೆ ನಾಳೆಯಿಂದ ನೀವು ಬೇಡ ಎನ್ನುತ್ತಾರೆ.

"ಹೇಳ್ಲಿ" ಎಂದರು. "ತಾಂತ್ರಿಕ ದೋಷ ಅಂತ ಹೇಳಿ ನಾವು ಮನೆಗೆ ಹೋಗುದು. ಯಾರು ಬಟನ್ ಒತ್ತಿದ್ದು ಅಂತ ಒಂದು ದಿನ ಕೇಳಿಯೇ ಕೇಳ್ತಾರೆ. ಆಗ ಅದು ಯಾರ ತಲೆ ಮೇಲೆ ಹೋಗಿ ಕೂರ್ತದೆ ಶೆಟ್ರೇ? ಒಳಗೆ ಕೂತಿದ್ದಾರಲ್ಲ, ಅವರ ಮೇಲೆ."

ಡಾಕ್ಟರ ಕೋಣೆಗೆ ಕಾರ್ಯದರ್ಶಿಗಳೂ ಬಂದರು. ನನ್ನ ಪಾಲುದಾರರು ಪೀಠಿಕೆ ಹಾಕಲಿಲ್ಲ. ಮೆಸೇಜಿನಲ್ಲಿ ಎರಡು ಅರ್ಥದ ಶಬ್ದ ಬರೆದದ್ದು ತಾನು, ಅದನ್ನು ಓದುವವರ ಹತ್ತಿರ ಒಮ್ಮೆಯೂ ಓದಿಸಿ ಕೇಳಲಿಲ್ಲ, ಚಿತ್ರ ಅರ್ಧಕ್ಕೆ ನಿಂತದ್ದು ಅದರಿಂದ, ಆ ರೋಗಿಯ ಹೊತ್ತು ಮೀರಿದ್ದೂ ಅದರಿಂದ ಎಂದು ಒಂದೊಂದಾಗಿ ಹೇಳಿದರು. ಟೆಕ್ನೀಷಿಯನ್ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು. ಎಷ್ಟೋ ವರ್ಷಗಳಿಂದ ಅವರ ಜೊತೆ ಕೆಲಸ ಮಾಡಿದ್ದೇನೆ, ಅವರ ಜಾಣತನವನ್ನು ಎಷ್ಟೋ ಸಲ ಮೆಚ್ಚಿದ್ದೇನೆ. ಅಂದು ಅನಿಸಿದ್ದು ಬರೀ ಮೆಚ್ಚುಗೆಯಲ್ಲ, ಇವರ ಪಾಲುದಾರ ನಾನು ಎಂಬ ಹೆಮ್ಮೆ.

ಕಾರ್ಯದರ್ಶಿಗಳು ಮೊಬೈಲು ಇಸಿದುಕೊಂಡು ಆ ಮೆಸೇಜನ್ನು ನೋಡಿದರು. "ನಾನೂ ಹೀಗೆಯೇ ಓದ್ತಿದ್ದೆ ಮಾರಾಯ್ರೆ" ಎಂದರು. "ನಮ್ಮ ಹೋಟೆಲಿನಲ್ಲಿ ಬನ್ಸ್ ಖಾಲಿ ಅಂದ್ರೆ ಮುಗೀತು ಅಂತ."

"ನಾನು ಹಾಗೆ ಓದ್ತಿರ್ಲಿಲ್ಲ" ಎಂದರು ಡಾಕ್ಟರು. "ನನಗೆ ಬೆಡ್ ಖಾಲಿ ಅಂದ್ರೆ ಪೇಶೆಂಟಿಗೆ ಜಾಗ ಉಂಟು ಅಂತ. ನನ್ನ ಮೊಬೈಲಿಗೆ ಬಂದಿದ್ರೆ ಖುಷಿಯಲ್ಲಿ ಇರ್ತಿದ್ದೆ."

ಕಾರ್ಯದರ್ಶಿಗಳು ಮೊಬೈಲನ್ನು ಹಿಂದೆ ಕೊಟ್ಟು ಕೇಳಿದರು, "ನೀವು ಹೇಳದಿದ್ರೆ ನಮಗೆ ಇದು ಗೊತ್ತಾಗ್ತಿತ್ತಾ ಮೇಡಂ?"

"ಇಲ್ಲ ಸರ್. ಆದ್ರೆ ನಾನು ಇನ್ನೊಂದು ಆಸ್ಪತ್ರೆಗೂ ಅದನ್ನೇ ಬರೀತಿದ್ದೆ."

ಕಾರ್ಯದರ್ಶಿಗಳು ಎದ್ದರು. ಒಂದು ತಿಂಗಳು ನೋಡುವ, ಸರಿಯಾಗಿ ನಡೆದರೆ ಮುಂದುವರಿಯಲಿ, ಇಲ್ಲದಿದ್ದರೆ ಮಂಗಳೂರು ಇದ್ದೇ ಇದೆ ಎಂದರು. ಬಾಗಿಲ ಬಳಿ ನಿಂತು, "ನೋಡಿಕೊಳ್ಳುದು ನೀವೇ ಅಲ್ವಾ?" ಎಂದು ನನ್ನ ಪಾಲುದಾರರನ್ನೇ ಕೇಳಿ ಹೋದರು.

ಆ ಮಧ್ಯಾಹ್ನವೇ ಸಿ.ಟಿ. ಕೋಣೆಯಲ್ಲಿ ಹೊಸ ಮೆಸೇಜು ತಯಾರಾಯಿತು. "ನಿಮ್ಮ ಅಂಗಡಿಯಲ್ಲಿ ಅಕ್ಕಿ ಮೂಟೆಗಟ್ಟಲೆ ಇದ್ರೆ ಗಿರಾಕಿಗಳಿಗೆ ಎಂತ ಹೇಳ್ತೀರಿ ಅಣ್ಣಾ?" ಎಂದು ಇವರು ಕೇಳಿದರು. "ಬೇಕಾದಷ್ಟು ಉಂಟು ಹೇಳ್ತೇವೆ" ಎಂದರು ಅವರು. ಅದನ್ನೇ ಹಾಕಿದರು: ಮೆಮೊರಿ ಬೇಕಾದಷ್ಟು ಉಂಟು, ಏನೂ ಮಾಡಬೇಡಿ. ಅವರಿಂದಲೇ ಓದಿಸಿದರು. ಆಸ್ಪತ್ರೆಯ ಅಡುಗೆಯವರಿಂದ ಓದಿಸಿದರು, ಡಾಕ್ಟರಿಂದ ಓದಿಸಿದರು. ಎಲ್ಲರ ಸ್ವರವೂ ಒಂದೇ ಕಡೆ ಹೋಯಿತು. ಬಟನ್ ಒತ್ತಿದರೂ ಬಾಕಿ ಚಿತ್ರಗಳನ್ನೆಲ್ಲ ಕಳಿಸಿಯೇ ಆಫ್ ಆಗುವ ಹಾಗೆ, ಅಕಸ್ಮಾತ್ ಅರ್ಧಕ್ಕೆ ನಿಂತರೆ ಪುನಃ ಅಲ್ಲಿಂದಲೇ ಶುರುವಾಗುವ ಹಾಗೆ ಪ್ರೋಗ್ರಾಮನ್ನೂ ತಿದ್ದಿದರು.

ಆ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ನಾನು ಮತ್ತು ಅವರು ಫೋನಿನಲ್ಲಿ ಬೇರೇನೋ ಮಾತಾಡುತ್ತಿದ್ದಾಗ ಟೆಕ್ನೀಷಿಯನರ ಕರೆ ನಡುವೆ ಬಂತು. ಅವರನ್ನೂ ಅದೇ ಕರೆಗೆ ಸೇರಿಸಿಕೊಂಡೆವು. ಅವರಿಗೆ ಏದುಸಿರು.

"ಮೇಡಂ, ಹೋಯ್ತು! ಎಲ್ಲ ಹೋಯ್ತು!"

ಪುನಃ ಕೆಟ್ಟಿತು ಎಂದುಕೊಂಡೆ ನಾನು. ನನ್ನ ಪಾಲುದಾರರು ಒಂದೊಂದೇ ಶಬ್ದ ಬಿಡಿಸಿ ಕೇಳಿದರು. "ಅಣ್ಣಾ, ಹೋಯ್ತು ಅಂದ್ರೆ ಎಂತ? ಹಾಳಾಯ್ತಾ, ಮಂಗಳೂರಿಗೆ ಮುಟ್ಟಿತಾ?"

"ಮುಟ್ಟಿತು ಮೇಡಂ, ಪೂರ್ತಿ ಮುಟ್ಟಿತು. ರಕ್ತನಾಳ ಒಡೀಲಿಲ್ಲ, ಹೆಪ್ಪುಗಟ್ಟಿದ್ದು ಅಂತ ಅವರ ಫೋನೂ ಬಂತು. ಡಾಕ್ಟರು ಇಂಜೆಕ್ಷನ್ ಕೊಡ್ತಾ ಇದ್ದಾರೆ."

ಘಾಟಿಯ ಬುಡದ ಊರಿನ ನಿವೃತ್ತ ಶಿಕ್ಷಕಿಯಂತೆ. ಬೆಳಿಗ್ಗೆ ಹೂ ಕೊಯ್ಯುತ್ತಿದ್ದವರಿಗೆ ಇದ್ದಕ್ಕಿದ್ದ ಹಾಗೆ ಬಲಭಾಗ ಸೋತು, ಮಾತು ಪೂರ್ತಿ ನಿಂತುಹೋಗಿತ್ತು. ಮಗಳು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದಳು.

ಮರುದಿನ ಬೆಳ್ತಂಗಡಿಯಲ್ಲಿ ನನಗೆ ಕೆಲಸವೇನೂ ಇರಲಿಲ್ಲ, ಆದರೂ ಹೋದೆ. ಸಿ.ಟಿ. ಕೋಣೆಯಲ್ಲಿ ಯಾರೂ ಇರಲಿಲ್ಲ. ಟೆಕ್ನೀಷಿಯನ್ ಮಹಿಳೆಯರ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಮಾತಾಡಬೇಡಿ ಎಂದು ನನಗೆ ಕೈಸನ್ನೆ ಮಾಡಿದರು. ಒಳಗಿನಿಂದ ಒಂದು ಹೆಂಗಸಿನ ಸ್ವರ ಕೇಳುತ್ತಿತ್ತು. ಸ್ವಲ್ಪ ತೊದಲು, ಆದರೆ ತರಗತಿಯ ಕೊನೆಯ ಬೆಂಚಿಗೂ ಮುಟ್ಟುವಂಥ ಸ್ವರ. ಗಂಜಿಗೆ ಉಪ್ಪು ಹಾಕಿಲ್ಲ ಎಂದು ಮಗಳಿಗೆ ತುಳುವಿನಲ್ಲಿ ಬೈಗುಳ. ಮಗಳು ಡಾಕ್ಟರೇ ಉಪ್ಪು ಬೇಡ ಹೇಳಿದ್ದು ಎಂದರೆ ಡಾಕ್ಟರಿಗೂ ಬೈಗುಳ.

ನಾನು ಬಂಟ್ವಾಳಕ್ಕೆ ಫೋನ್ ಹಚ್ಚಿದೆ. ಅವರು ಎತ್ತಿದಾಗ ಏನೂ ಹೇಳದೆ ಫೋನನ್ನು ವಾರ್ಡಿನ ಬಾಗಿಲ ಕಡೆಗೆ ಹಿಡಿದೆ. ಗಂಜಿಯದ್ದು ಮುಗಿದು ಮಾತು ತಲೆ ಬಾಚುವ ವಿಷಯಕ್ಕೆ ಬಂದಿತ್ತು, ನಿನಗೆ ಜಡೆ ಹೆಣೆಯಲು ಕಲಿಸಿದವಳು ನಾನು, ಸರಿಯಾಗಿ ಬಾಚು ಎಂಬಲ್ಲಿಗೆ. ಟೆಕ್ನೀಷಿಯನ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

ಬಹಳ ಹೊತ್ತಾದ ಮೇಲೆ, ಕರೆ ತುಂಡಾಗಿರಬೇಕು ಎಂದುಕೊಂಡು ಫೋನನ್ನು ಕಿವಿಗಿಟ್ಟೆ.

"ತೆಗೀಬೇಡಿ ಶೆಟ್ರೇ" ಎಂದರು. "ಅಲ್ಲಿಯೇ ಹಿಡಿದುಕೊಳ್ಳಿ."